ಮೈಕ್ ಮುಂದ ಕುಂತ ಕೂಡ್ಲೇ ನಿಮ್ಮ ಕಿವಿ ಯಾಕ ಬದಲಾಗ್ತಾವ?

1/8

ಉದ್ದ ಐತಿ. ಪೂರ್ತಿ ಓದ್ರಿ, ಆಮ್ಯಾಲ ಬೈರಿ.

ನಮ್ಮ ವಯಸ್ಸಿನವರು ಪಾಡ್‌ಕಾಸ್ಟ್ ಶುರು ಮಾಡಿದ್ರಂದ್ರ ಮೂರನೇ ಎಪಿಸೋಡ್ ಯಾವುದು ಅಂತ ಕಣ್ಣು ಮುಚ್ಚಿ ಹೇಳಬಹುದು. "ನಮ್ಮ ಟಾಪ್ 10 ಆಲ್ಬಮ್ಸ್". ಎರಡು ಮೈಕು, ಹಿಂದೆ ನೇರಳೆ ಬಣ್ಣದ ಲೈಟು, ಮುಂದೆ ಎರಡು ಕಪ್ ಚಹಾ. ಹತ್ತರಲ್ಲಿ ಆರು ಇಂಗ್ಲಿಷ್, ಮೂರು ಹಿಂದಿ, ಒಂದು ಪಂಜಾಬಿ. ಕೊನೆಗೆ ಯಾರೋ ಒಬ್ಬ ಕನ್ನಡದ್ದು ಕೇಳ್ತಾನ. ಉತ್ತರ: "ಕನ್ನಡದಾಗ ಆಲ್ಬಮ್ ಕಲ್ಚರ್ ಇಲ್ಲ ಬ್ರೋ." ನಗು. ಮುಂದಿನ ಟಾಪಿಕ್.

ಆ ಹತ್ತು ಆಲ್ಬಮ್‌ಗಳ ಮೇಲೆ ನನ್ನ ತಕರಾರಿಲ್ಲ. ಚಲೋ ಇರ್ತಾವ, ಕೇಳ್ರಿ. ನನ್ನ ತಕರಾರು ಇಷ್ಟೇ: ಗೋವಿನಜೋಳ ತುಂಬಿದ ಟ್ರ್ಯಾಕ್ಟರಿನಾಗ ನೀವು ಹಚ್ಚೋ ಹಾಡು ಬ್ಯಾರೆ. ಗಣಪತಿ ಕಳಿಸೋ ದಿನ ನೀವು ಕುಣಿಯೋ ಹಾಡು ಬ್ಯಾರೆ. ಮನ್ಯಾಗ ಸೋಮವಾರ ರಾತ್ರಿ ಭಜನಿಯವರ ಬಾಯಲ್ಲಿ ನೀವು ಕೇಳಿ ಬೆಳೆದ ಪದ ಬ್ಯಾರೆ. ಆ ಮೂರರಲ್ಲಿ ಒಂದೂ ನಿಮ್ಮ ಪಟ್ಟಿಯೊಳಗೆ ಯಾಕ ಬರಲಿಲ್ಲ?

ಮೆಚ್ಚಿನ ಆಲ್ಬಮ್ ಅಂದ್ರ ನೀವು ಕೇಳಿದ್ದು. ಮಂದಿಗೆ ತೋರಿಸಾಕ ಆರಿಸಿದ್ದಲ್ಲ.

2/8

"ಕನ್ನಡದಾಗ ಆಲ್ಬಮ್ ಇಲ್ಲ" ಅನ್ನೋ ಮಾತು ಮೊದಲು ನೋಡೋಣ.

ಆಲ್ಬಮ್ ಅಂದರೆ ಏನು? ಮೊದಲಿನ 78 ಆರ್‌ಪಿಎಂ ರೆಕಾರ್ಡಿನ ಒಂದು ಮಗ್ಗುಲಲ್ಲಿ ಹೆಚ್ಚೂಕಮ್ಮಿ ಮೂರು ನಿಮಿಷ ಹಾಡು ಹಿಡೀತಿತ್ತು. ಅಂಥ ನಾಲ್ಕಾರು ತಟ್ಟೆಗಳನ್ನು ಫೋಟೋ ಆಲ್ಬಮ್ಮಿನಂಥ ರಟ್ಟಿನ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. 1948ರಲ್ಲಿ ಎಲ್‌ಪಿ ಬಂತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿತು. ಆಮೇಲೆ ಕ್ಯಾಸೆಟ್ಟು, ಆಮೇಲೆ ಸಿಡಿ. ಅಂದರೆ ಆಲ್ಬಮ್ ಅನ್ನೋದು ಆಯಾ ಕಾಲದ ಮಷೀನು ಕೊಟ್ಟ ಅಳತೆ, ಅಷ್ಟೇ. ಇಂಗ್ಲಿಷ್‌ನವರಿಗೆ ಮಾತ್ರ ದೇವರು ಕೊಟ್ಟ ವರ ಅಲ್ಲ.

ಕನ್ನಡಕ್ಕೆ ಬರ್ರಿ. 1978ರಲ್ಲಿ "ನಿತ್ಯೋತ್ಸವ" ಕ್ಯಾಸೆಟ್ ಬಂತು. ಕವಿತೆ ಕೆ. ಎಸ್. ನಿಸಾರ್ ಅಹಮದ್ ಅವರದ್ದು, ರಾಗ ಮೈಸೂರು ಅನಂತಸ್ವಾಮಿ ಅವರದ್ದು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅಂತ ಅದನ್ನು ಗುರುತಿಸುತ್ತಾರೆ. ಒಬ್ಬ ಕವಿ, ಒಬ್ಬ ಸಂಯೋಜಕ, ಒಂದೇ ಗುಂಗು, ಹಿಂದೆ ಸಿನಿಮಾ ಇಲ್ಲ, ಹೀರೋ ಇಲ್ಲ. ಇದು ಆಲ್ಬಮ್ ಅಲ್ಲ ಅಂದ್ರ ಆಲ್ಬಮ್ ಯಾವುದು? 2005ರಲ್ಲಿ ಸಿ. ಅಶ್ವತ್ಥ್ ಬೆಂಗಳೂರಿನ ಅರಮನೆ ಮೈದಾನದಲ್ಲಿ "ಕನ್ನಡವೇ ಸತ್ಯ" ಮಾಡಿದಾಗ ಮಂದಿ ಸೇರಿದ್ದು ಈ ಹಾಡುಗಳಿಗೇ.

ನಮ್ಮ ಕಡೆಗೆ ಇನ್ನೊಂದು ಥರದ ಆಲ್ಬಮ್ ಐತಿ. ಅದರ ಹೆಸರು ಪೆನ್‌ಡ್ರೈವ್. ಮೊಬೈಲ್ ಅಂಗಡಿ ಹುಡುಗ ತುಂಬಿ ಕೊಟ್ಟಿದ್ದು: ಮೊದಲು ದೇವರ ಹಾಡು, ಆಮೇಲೆ ಶರೀಫರ ಪದ, ನಡುವೆ ಹಳೇ ರಾಜಕುಮಾರ್, ಕೊನೆಗೆ ಡಿಜೆ. ಆ ಕ್ರಮ ಬಾಯಿಪಾಠ ಆಗಿರ್ತೈತಿ. ಯಾವ ಹಾಡಿನ ಹಿಂದೆ ಯಾವುದು ಬರ್ತದ ಅಂತ ಟ್ರ್ಯಾಕ್ಟರ್ ಹೊಡೆಯೋನಿಗೂ ಗೊತ್ತು, ಹಿಂದೆ ಕುಂತ ಆಳುಗಳಿಗೂ ಗೊತ್ತು. ಇದರ ಮೇಲೆ ಒಂದು ತಾಸು ಮಾತಾಡಬಹುದು. ಯಾರೂ ಮಾತಾಡಿಲ್ಲ.

3/8

ಈಗ ನಮ್ಮ ಜಿಲ್ಲೆ.

ಶಿಶುನಾಳ ಎಲ್ಲೈತಿ? ಶಿಗ್ಗಾವಿ ತಾಲೂಕು, ಹಾವೇರಿ ಜಿಲ್ಲೆ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಅವರ ಪದಗಳನ್ನು ಹಳ್ಳಿ ಭಜನಿ ಮೇಳಗಳು ಬಾಯಿಂದ ಬಾಯಿಗೆ ಉಳಿಸಿದವು, ಅಶ್ವತ್ಥ್ ಕ್ಯಾಸೆಟ್ಟಿಗೆ ತಂದರು, 1990ರಲ್ಲಿ ನಾಗಾಭರಣ ಸಿನಿಮಾ ಮಾಡಿದರು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಎರಡು ಪದ ಇಟ್ಟರು. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಅವರಿಗೆ ಹೊಸ ಕಲಾವಿದರ ಪ್ರಶಸ್ತಿ ಕೊಟ್ಟಿತು.

ನಮ್ಮ ಜಿಲ್ಲೆಯ ಪದ ಗಿಟಾರ್ ಹಿಡಿದು ಲಂಡನ್ನಿಗೆ ಹೋಗಿ ಬಂತು. ನಮ್ಮ ಪಾಡ್‌ಕಾಸ್ಟ್ ಮೈಕಿಗೆ ಬರಾಕ ಮಾತ್ರ ಅದಕ್ಕ ದಾರಿ ಸಿಗವಲ್ದು.

ಹನುಮಂತ ಲಮಾಣಿ ತಗೋರಿ. ಸವಣೂರು ತಾಲೂಕು ಚಿಲ್ಲೂರು ಬಡ್ನಿ. ಕುರಿ ಕಾಯುತ್ತಿದ್ದ ಹುಡುಗ 2019ರ ಸರಿಗಮಪದಲ್ಲಿ ರನ್ನರ್ ಅಪ್ ಆದ, 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದ. ಗೆದ್ದ ದಿನ ನಿಮ್ಮೆಲ್ಲರ ಸ್ಟೋರಿಯೊಳಗ ಅವನೇ. ಅವನ ಲುಂಗಿ ಬಗ್ಗೆ ಮಾತಾಡಿದ್ರಿ, ಮುಗ್ಧತೆ ಬಗ್ಗೆ ಮಾತಾಡಿದ್ರಿ, ಬಹುಮಾನದ ಬಗ್ಗೆ ಮಾತಾಡಿದ್ರಿ. ಅವನ ದನಿ ಬಗ್ಗೆ? ತತ್ವಪದದ ಏರು ದನಿ ಸ್ಟುಡಿಯೋ ಟ್ರ್ಯಾಕಿನ ಮೇಲೆ ಹೆಂಗ ಕುಂದರತೈತಿ ಅನ್ನೋದರ ಬಗ್ಗೆ? ಹಾಡುಗಾರನ ಬಗ್ಗೆ ಹಾಡು ಬಿಟ್ಟು ಉಳಿದದ್ದೆಲ್ಲ ಮಾತಾಡೋದಕ್ಕ ಮ್ಯೂಸಿಕ್ ನ್ಯೂಸ್ ಅನ್ನಬ್ಯಾಡ್ರಿ.

4/8

"ಅಲ್ಲಾ, ನಮ್ಮ ಕಡೆ ಡಿಜೆ ಹಾಡು ಎಷ್ಟು ಹೊಲಸದಾವ, ಅವನ್ನ ತಂದು ಟಾಪ್ 10 ಒಳಗ ಇಡಬೇಕಾ?"

ಈ ಪ್ರಶ್ನೆ ಬರ್ತದ ಅಂತ ಗೊತ್ತಿತ್ತು. ಹೌದು, ಹೊಲಸು ಹಾಡು ಅದಾವ. ಹುಡುಗಿ ಕೈ ಕೊಟ್ಟಳು, ಹುಡುಗಿ ಮೋಸ ಮಾಡಿದಳು ಅಂತ ಒಂದೇ ಬೈಗುಳವನ್ನ ನೂರು ಹಾಡಿಗೆ ಹಚ್ಚಿದವರದಾರ. ಕ್ಲಾಸಿನ ಹುಡುಗ್ಯಾರು ಬಸ್ಸಿನಾಗ ಇಯರ್‌ಫೋನ್ ಹಾಕ್ಕೊಂಡು ಕುಂದರೋದು ಹಾಡು ಕೇಳಾಕ ಅಲ್ಲ, ಡ್ರೈವರ್ ಹಚ್ಚಿದ ಹಾಡು ಕೇಳಬಾರದು ಅಂತ. ಇದನ್ನ ಯಾರಾದರೂ ಮೈಕಿನಾಗ ಹೇಳ್ಯಾರಾ?

ಅದಕ್ಕೇ ಹೇಳ್ತಿರೋದು. ಎಲ್ಲಿ ವಿಮರ್ಶೆ ಇಲ್ಲವೋ ಅಲ್ಲಿ ವ್ಯೂಸ್ ಒಂದೇ ಮಾರ್ಕು. ಪದ ಚಲೋ ಬರೆದವನಿಗೂ ಹೊಲಸು ಬರೆದವನಿಗೂ ಒಂದೇ ತಕ್ಕಡಿ. ಚಲೋ ಬರೆದವನಿಗೆ "ಇದು ಚಲೋ ಐತಿ, ಇಂಥ ಕಾರಣಕ್ಕ ಚಲೋ ಐತಿ" ಅಂತ ಹೇಳೋ ಒಂದು ದನಿ ಇಲ್ಲದಿದ್ದರ ಅವನೂ ಮುಂದಿನ ಸಲ ಹೊಲಸೇ ಬರೀತಾನ. ತಪ್ಪು ಅವನೊಬ್ಬನದಲ್ಲ.

ಹೊರಗಿನ ರ‍್ಯಾಪರ್ ಹೆಣ್ಣುಮಕ್ಕಳಿಗೆ ಬೈದರೆ ಅದಕ್ಕೆ "ರಾ ಎನರ್ಜಿ" ಅಂತೀರಿ. ನಮ್ಮ ಹಳ್ಳಿ ಹುಡುಗ ಅದೇ ಬೈದರೆ "ಲೋಕಲ್" ಅಂತೀರಿ. ಎರಡೂ ಬೈಗುಳೇ. ಬೈಯೋದಾದ್ರ ಇಬ್ಬರಿಗೂ ಬೈರಿ. ಕೇಳೋದಾದ್ರ ಇಬ್ಬರನ್ನೂ ಅಷ್ಟೇ ಲಕ್ಷ್ಯ ಕೊಟ್ಟು ಕೇಳ್ರಿ.

5/8

ಇನ್ನ ಮ್ಯೂಸಿಕ್ ನ್ಯೂಸ್. ನಾವು ಬಿಕಾಂ ಮಂದಿ, ಸ್ವಲ್ಪ ಲೆಕ್ಕದ ಮಾತಾಡೋಣ.

ಯಾವ ಗಾಯಕ ಯಾರ ಜೊತೆ ಓಡಾಡ್ತಾನ ಅನ್ನೋದು ಸುದ್ದಿ ಅಲ್ಲ. ಸುದ್ದಿ ಇವು:

2024ರಿಂದ ಸ್ಪಾಟಿಫೈ ನಿಯಮ ಬದಲಾಗಿದೆ. ಹಿಂದಿನ 12 ತಿಂಗಳಲ್ಲಿ 1000 ಸಲವಾದರೂ ಓಡದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಮೂರು ಮಂದಿ ಸಾಲ ಮಾಡಿ ರಾಣೆಬೆನ್ನೂರಿಗೋ ಹುಬ್ಬಳ್ಳಿಗೋ ಹೋಗಿ ಒಂದು ತತ್ವಪದ ರೆಕಾರ್ಡ್ ಮಾಡಿಸಿದರು ಅನ್ರಿ. 900 ಸಲ ಓಡಿದರೆ ಅವರಿಗೆ ಸಿಗೋದು ಸೊನ್ನೆ. ನೀವು ನೂರು ಮಂದಿ ಒಂದೊಂದು ಸಲ ಕೇಳಿದ್ರ ಆ ಗೆರೆ ದಾಟ್ತೈತಿ. ನಿಮ್ಮ ಒಂದು ಎಪಿಸೋಡಿನ ತಾಕತ್ತು ಅದು.

ಎರಡನೇದು, ಕಾಪಿರೈಟ್ ಕಾಯ್ದೆ. 2012ರ ತಿದ್ದುಪಡಿ ಪ್ರಕಾರ ಪದ ಬರೆದವರು, ರಾಗ ಹಾಕಿದವರು ಹಕ್ಕು ಮಾರಿದರೂ ರಾಯಲ್ಟಿಯ ಸಮಪಾಲು ಅವರಿಗೆ ಉಳಿಯುತ್ತದೆ. ಅದನ್ನು ಕಂಪನಿಗೆ ಬಿಟ್ಟುಕೊಡ್ತೀನಿ ಅಂತ ಬರೆದುಕೊಟ್ಟರೂ ನಡೆಯಲ್ಲ. ಇನ್ನೂ ಕೇಳ್ರಿ: ಹಕ್ಕು ಕೊಡೋ ಕರಾರು ಬರಹದಲ್ಲಿ, ಸಹಿ ಸಮೇತ ಇರಬೇಕು. ಅವಧಿ ಬರೆದಿರದಿದ್ದರೆ ಅದು ಐದೇ ವರ್ಷ. ಪ್ರದೇಶ ಬರೆದಿರದಿದ್ದರೆ ಭಾರತ ಮಾತ್ರ.

ನಮ್ಮ ಕಡೆ ಎಷ್ಟೋ ಕವಿಗಳಿಗೆ ಇದು ಗೊತ್ತಿಲ್ಲ. ಐದು ಸಾವಿರ ಕೈಯಾಗ ಕೊಟ್ಟು "ಮುಗೀತು, ಹಾಡು ನಮ್ದು" ಅನ್ನೋ ಚಾನೆಲ್‌ನವರ ಮುಂದೆ ತಲೆ ಆಡಿಸ್ತಾರ. ಬಿಸಿನೆಸ್ ಲಾ ಪರೀಕ್ಷೆಗೆ ಬಾಯಿಪಾಠ ಮಾಡೋ ನಾವು ಇದನ್ನ ಹತ್ತು ನಿಮಿಷ ಮೈಕಿನಾಗ ಹೇಳಿದ್ರ ಯಾರದೋ ಮನಿಗೆ ರೊಕ್ಕ ಬರ್ತದ. ಇಂಗ್ಲಿಷ್ ಆಲ್ಬಮ್ಮಿನ ರೇಟಿಂಗ್ ಹೇಳಿದ್ರ ಯಾರಿಗೆ ಏನು ಬಂತು?

6/8

ಈಗ ಹೆಸರಿನ ವಿಷಯ.

ಹಾನಗಲ್ ಹೆಸರನ್ನ ಜಗತ್ತಿಗೆ ಗೊತ್ತು ಮಾಡಿದ ಗಂಗೂಬಾಯಿ ಹಾನಗಲ್ ಅವರ ಮೊದಲಿನ ರೆಕಾರ್ಡುಗಳು 1930ರ ದಶಕದಲ್ಲಿ ಬಂದಾಗ ತಟ್ಟೆ ಮೇಲಿದ್ದ ಹೆಸರು "ಗಾಂಧಾರಿ". ಅಂಥ ದನಿಗೂ ಸ್ವಂತ ಹೆಸರು ತಟ್ಟೆ ಮೇಲೆ ಬರಾಕ ಕಾಯಬೇಕಾಯ್ತು.

ಸುಮಾರು ತೊಂಬತ್ತು ವರ್ಷ ಆತು. ಈಗ ನಮ್ಮ ಕಡೆಯ ಯಾವುದಾದರೂ ಜನಪದ ಹಾಡಿನ ಕೆಳಗೆ ಹೋಗಿ ನೋಡ್ರಿ. ಚಾನೆಲ್ ಹೆಸರು ದೊಡ್ಡದು. ಗಾಯಕನ ಹೆಸರು ಇರ್ತೈತಿ. ಕವಿಯ ಹೆಸರು ಇದ್ದರ ಇತ್ತು. ಕೀಬೋರ್ಡ್ ಯಾರದು? ಹಲಗಿ ಯಾರದು? ಹಿಂದೆ ಜೊತೆ ದನಿ ಕೊಟ್ಟ ಹೆಣ್ಣುಮಗಳು ಯಾರು? ಇಲ್ಲ. ಸೋಬಾನೆ ಪದ, ಬೀಸೋ ಪದ ಹಾಡಿದ ನಮ್ಮ ಆಯಿಗಳ ಹೆಸರಂತೂ ಎಲ್ಲೂ ಇಲ್ಲ. "ಸಾಂಪ್ರದಾಯಿಕ" ಅಂತ ಒಂದು ಪದ ಹಾಕಿ ಕೈ ತೊಳ್ಕೊಂಡಿರ್ತಾರ.

ಮೆಚ್ಚಿದ ಇಂಗ್ಲಿಷ್ ಆಲ್ಬಮ್ಮಿನ ಮಿಕ್ಸಿಂಗ್ ಎಂಜಿನಿಯರ್ ಹೆಸರು ನಿಮಗ ಗೊತ್ತು. ನಿಮ್ಮೂರ ಜಾತ್ರ್ಯಾಗ ರಾತ್ರಿಯಿಡೀ ಡೊಳ್ಳು ಹೊಡೆದವನ ಹೆಸರು ಗೊತ್ತಿಲ್ಲ. ಅದರಾಗ ಅವನು ನಿಮ್ಮ ಓಣಿಯವನೇ ಇರ್ತಾನ.

7/8

"ನೀ ಹೇಳಿದ್ದು ಕರೆ, ಆದ್ರ ವ್ಯೂಸ್ ಬರಂಗಿಲ್ಲ. ಹಾಡು ಹಾಕಿದ್ರ ಕಾಪಿರೈಟ್ ಹೊಡೀತಾರ."

ಮೊದಲು ಕಾಪಿರೈಟ್. ಶರೀಫರು ತೀರಿಕೊಂಡು ನೂರಾ ಮೂವತ್ತು ವರ್ಷ ದಾಟಿತು, ಅವರ ಪದದ ಮೇಲೆ ಯಾರ ಹಕ್ಕೂ ಇಲ್ಲ. ಕ್ಯಾಸೆಟ್ ಕಂಪನಿಯ ರೆಕಾರ್ಡಿಂಗ್ ಹಾಕಬ್ಯಾಡ್ರಿ. ನಿಮ್ಮೂರ ಭಜನಿ ಕಾಕಾನ್ನ ಕರೆದು, ಒಪ್ಪಿಗೆ ಕೇಳಿ, ಹೆಸರು ಹೇಳಿ, ಮೈಕ್ ಮುಂದ ಹಾಡಿಸ್ರಿ. ನಮ್ಮ ದೇಶದಲ್ಲಿ ರೆಕಾರ್ಡಿಂಗಿನ ಹಕ್ಕು ಪ್ರಕಟವಾದ ಮೇಲೆ 60 ವರ್ಷ. 1930ರ ದಶಕದ ಆ "ಗಾಂಧಾರಿ" ರೆಕಾರ್ಡುಗಳ ಹಕ್ಕಿನ ಅವಧಿ ಮುಗಿದು ಎಷ್ಟೋ ವರ್ಷ ಆದವು.

ಇನ್ನ ವ್ಯೂಸ್. ಇಬ್ಬರು ಎದುರುಬದುರು ಕುಂತು ವಾದ ಮಾಡೋದನ್ನ ನೋಡಾಕ ನಮ್ಮ ಮಂದಿ ಬರಂಗಿಲ್ಲ ಅಂತ ಯಾರು ಹೇಳಿದ್ರು? ಹರದೇಶಿ–ನಾಗೇಶಿ ಮತ್ತೇನು? ಒಂದು ಮೇಳ ಗಂಡು ಹೆಚ್ಚು ಅಂತ ಹಾಡ್ತದ, ಇನ್ನೊಂದು ಹೆಣ್ಣು ಹೆಚ್ಚು ಅಂತ ಹಾಡ್ತದ. ಒಂದು ಸವಾಲು, ಒಂದು ಜವಾಬು. ಬೆಳತನಕ ಮಂದಿ ಕದಲದೇ ಕುಂದರತಾರ. ಪಾಡ್‌ಕಾಸ್ಟ್ ಅನ್ನೋ ಶಬ್ದ ಹುಟ್ಟೋದಕ್ಕಿಂತ ಎಷ್ಟೋ ಮೊದಲು ನಮ್ಮ ಕಡೆ ಅದರ ಕಟ್ಟಿ ಇತ್ತು. ಅಲ್ಲಿ ಎದುರಿನವನು ಹೇಳಿದ್ದಕ್ಕೆಲ್ಲ "ಕರೆಕ್ಟ್ ಬ್ರೋ, ಕರೆಕ್ಟ್" ಅಂದವನಿಗೆ ಜಾಗ ಇಲ್ಲ. ಉತ್ತರ ಕೊಡಬೇಕು, ಪುರಾವೆ ಕೊಡಬೇಕು, ತಾಳ ತಪ್ಪದೇ ಕೊಡಬೇಕು.

ನಿಮ್ಮ ಟಾಪ್ 10 ಎಪಿಸೋಡಿನಾಗ ಒಂದು ಜಗಳನಾದ್ರೂ ಐತೇನು?

8/8

ಆದ್ದರಿಂದ ನಾಲ್ಕು ಷರತ್ತು. ಪಾಡ್‌ಕಾಸ್ಟ್ ಮಾಡೋ ಗೆಳೆಯರಿಗೆ, ಮಾಡಬೇಕು ಅಂತಿರೋ ಅಕ್ಕತಂಗ್ಯಾರಿಗೆ.

ಒಂದು: ಹತ್ತು ಆಲ್ಬಮ್ ಹೇಳ್ತೀರಾ, ಮೂರು ನಿಮ್ಮ ಮನಿ ಮಂದಿ ಕೇಳಿದ್ದು ಇರಲಿ. ಕ್ಯಾಸೆಟ್ ಆಗಲಿ, ಪೆನ್‌ಡ್ರೈವ್ ಆಗಲಿ.

ಎರಡು: ಪ್ರತಿ ಹಾಡಿಗೆ ಗಾಯಕನ ಜೊತೆ ಪದ ಬರೆದವರ, ಬಾರಿಸಿದವರ ಹೆಸರು ಹೇಳ್ರಿ. ಸಿಗದಿದ್ದರ ಫೋನ್ ಹಚ್ಚಿ ಕೇಳ್ರಿ. ನಮ್ಮ ಜಿಲ್ಲೆ ಅಷ್ಟೇನು ದೊಡ್ಡದಲ್ಲ.

ಮೂರು: "ಸೂಪರ್", "ಬೆಂಕಿ", "ಲೋಕಲ್" ಈ ಮೂರು ಶಬ್ದ ಬಿಟ್ಟು ಮಾತಾಡ್ರಿ. ಚಲೋ ಇದ್ದರ ಯಾಕ ಚಲೋ, ಕೆಟ್ಟಿದ್ದರ ಯಾಕ ಕೆಟ್ಟದ್ದು.

ನಾಲ್ಕು: ಮೈಕ್ ಮುಂದ ಒಬ್ಬ ಹುಡುಗಿನಾದ್ರೂ ಇರಲಿ. ಅತಿಥಿ ಅಂತ ಅಲ್ಲ, ವಾದ ಮಾಡಾಕ. ಅರ್ಧ ಹಾಡು ಅವರ ಮೇಲೇ ಬರೆದಾವ, ಜವಾಬು ಕೊಡೋ ಹಕ್ಕು ಅವರದೈತಿ.

ಇದನ್ನ ಓದಿ "ಇಂಗ್ಲಿಷ್ ಹಾಡು ಕೇಳಬಾರದಂತ" ಅಂತ ಸ್ಕ್ರೀನ್‌ಶಾಟ್ ಹಾಕೋರಿಗೆ: 1/8 ಮತ್ತೊಮ್ಮೆ ಓದ್ರಿ.

ಉಳಿದವರಿಗೆ: ಕಮೆಂಟಿನಾಗ ಒಂದೇ ಒಂದು ಹಾಡು ಬರೀರಿ. ನಿಮ್ಮೂರ ಕಡೆಯದು. ಹಾಡಿದವರ ಹೆಸರು, ಬರೆದವರ ಹೆಸರು, ಬಾರಿಸಿದವರ ಹೆಸರು ಸಮೇತ. ಮೂರೂ ಹೆಸರು ಬರೆಯಾಕ ಎಷ್ಟು ಮಂದಿಗೆ ಆಗ್ತದ ನೋಡೇ ಬಿಡೋಣ.

#ಮೇಡ್ಲೇರಿ #ರಾಣೆಬೆನ್ನೂರು #ಹಾವೇರಿ #ನಮ್ಮಹಾಡು #ಹೆಸರುಹೇಳ್ರಿ #ಕನ್ನಡಪಾಡ್‌ಕಾಸ್ಟ್