ಬಂಗಾರಕ್ಕೆ ಬೀಗ, ವಿಷಕ್ಕೆ ಬಯಲು

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಬೀಗ ಹಾಕಿದ ಬೀರುವೊಂದು ಇದ್ದೇ ಇರುತ್ತದೆ. ಅದರೊಳಗೆ ನಾಲ್ಕು ರೇಷ್ಮೆ ಸೀರೆ, ಒಂದಿಷ್ಟು ಬಂಗಾರ, ಮನೆಯ ಪತ್ರಗಳು, ಮಕ್ಕಳ ಅಂಕಪಟ್ಟಿಗಳು. ಕೀಲಿಕೈ ಮನೆಯೊಡತಿಯ ಸೊಂಟದಲ್ಲೋ ದಿಂಬಿನ ಅಡಿಯಲ್ಲೋ ಭದ್ರ. ಅದೇ ಮನೆಯ ಅಡುಗೆಕಟ್ಟೆಯ ಕೆಳಗೆ, ನೆಲದಿಂದ ಗೇಣೆತ್ತರದಲ್ಲಿ, ಫಿನೈಲು, ಶೌಚಾಲಯ ತೊಳೆಯುವ ಆಮ್ಲ, ಇಲಿ ಪಾಷಾಣ, ಜಿರಲೆಗೆ ಸಿಂಪಡಿಸುವ ದ್ರವ ಸಾಲಾಗಿ ನಿಂತಿರುತ್ತವೆ. ಆ ಕಪಾಟಿಗೆ ಬೀಗವಿರಲಿ, ಎಷ್ಟೋ ಮನೆಗಳಲ್ಲಿ ಸರಿಯಾಗಿ ಮುಚ್ಚಿಕೊಳ್ಳುವ ಬಾಗಿಲೂ ಇರುವುದಿಲ್ಲ. ಕಳ್ಳನಿಗೆ ಹೆದರಿದಷ್ಟು ನಾವು ಹತ್ತು ತಿಂಗಳ ಕೂಸಿನ ಕುತೂಹಲಕ್ಕೆ ಹೆದರಿಲ್ಲ.

ಈಚಿನ ವರ್ಷಗಳಲ್ಲಿ ನಗರದ ಯುವ ದಂಪತಿಗಳು ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದಾರೆ. ಕಪಾಟಿನ ಒಳಮೈಗೆ ಅಂಟಿಸುವ, ಹೊರಗೆ ಕಾಣದ ಅಯಸ್ಕಾಂತದ ಚಿಲಕ ಅದು. ಬಾಗಿಲು ಮುಚ್ಚಿದೊಡನೆ ಒಳಗಿನ ಕೊಂಡಿ ತಾನೇ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಗೊತ್ತಾದ ಜಾಗಕ್ಕೆ ಅಯಸ್ಕಾಂತದ ಕೀಲಿ ಹಿಡಿದರೆ ಮಾತ್ರ ಬಿಡುತ್ತದೆ. ಮಗುವಿನ ಕಣ್ಣಿಗೆ ಅದು ತೆರೆಯಲಾಗದ ಬಾಗಿಲು, ಅಷ್ಟೇ. ಎಳೆದು ನೋಡಿ, ಸೋತು, ಬೇರೆ ಆಟಕ್ಕೆ ಹೋಗುತ್ತದೆ. ಈ ಪುಟ್ಟ ಸಾಧನದ ಬಗ್ಗೆ ನನಗೆ ಗೌರವವಿದೆ. ಅದು ಮಗುವನ್ನು ಗದರಿಸುವುದಿಲ್ಲ, ತಾಯಿಯನ್ನು ದೂರುವುದಿಲ್ಲ, ರಾತ್ರಿ ಹನ್ನೊಂದಕ್ಕೂ ದಣಿಯುವುದಿಲ್ಲ.

ಆದರೆ ಅದರ ಮಿತಿಗಳನ್ನೂ ಹೇಳಬೇಕು. ಮರದ ಅಥವಾ ಪ್ಲೈವುಡ್ಡಿನ ಬಾಗಿಲಿನ ಮೂಲಕ ಕೆಲಸ ಮಾಡುವ ಅಯಸ್ಕಾಂತ, ಕಬ್ಬಿಣದ ಬಾಗಿಲಿಗೆ ತಾನೇ ಅಂಟಿಕೊಂಡು ನಿಷ್ಪ್ರಯೋಜಕವಾಗುತ್ತದೆ. ಸಂಡೂರಿನ ಅದಿರನ್ನು ಲೋಕಕ್ಕೆಲ್ಲ ಕಳಿಸಿದ ಬಳ್ಳಾರಿ ಸೀಮೆಯ ಮನೆಗಳಲ್ಲಿ ಕಪಾಟು ಎಂದರೆ ಬಹುಮಟ್ಟಿಗೆ ಕಬ್ಬಿಣದ ಬೀರುವೇ. ಅಡುಗೆಮನೆಯ ಹಬೆಗೂ ನಮ್ಮ ಬೇಸಿಗೆಗೂ ಅಂಟು ಸಡಿಲವಾಗುತ್ತದೆ. ತಿರುಪು ಮೊಳೆ ಹೊಡೆದರೇ ಭದ್ರ. ಕೀಲಿಯನ್ನು ಫ್ರಿಜ್ಜಿನ ಕೆಳಬಾಗಿಲಿಗೆ ಅಂಟಿಸಿಟ್ಟರೆ ಚಿಲಕ ಇದ್ದೂ ಇಲ್ಲದಂತೆ. ಇನ್ನು ಆಟಿಕೆಗಳಿಂದ ಕಳಚಿ ಬೀಳುವ ಪ್ರಬಲವಾದ ಪುಟ್ಟ ಅಯಸ್ಕಾಂತಗಳೇ ಒಂದು ಅಪಾಯ: ಎರಡನ್ನು ಮಗು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡಬಲ್ಲವು.

ಈ ಚಿಲಕವನ್ನು ಕೊಳ್ಳಬಲ್ಲ ಮನೆಗಳಲ್ಲಿ ಇರುವ ವಿಷ ಬಾಟಲಿಯ ಲೆಕ್ಕದ್ದು. ವಿಷ ಡಬ್ಬಿಗಟ್ಟಲೆ ಇರುವ ಮನೆಗಳಿಗೆ ಈ ಚಿಲಕದ ಸುದ್ದಿಯೂ ತಲುಪಿಲ್ಲ. ನನ್ನನ್ನು ಕಾಡುವುದು ಈ ಅಂತರ.

ಬಳ್ಳಾರಿ ನಗರಕ್ಕೆ ಸಮೀಪದ ಕೊಳಗಲ್ಲನ್ನು ತೆಗೆದುಕೊಳ್ಳಿ. ಕ್ರಿ.ಶ. 967ರ ರಾಷ್ಟ್ರಕೂಟ ಶಾಸನದಿಂದಾಗಿ ಇತಿಹಾಸಕಾರರಿಗೆ ಈ ಊರಿನ ಹೆಸರು ಪರಿಚಿತ. ಸುತ್ತಲಿನದು ಹತ್ತಿ, ಮೆಣಸಿನಕಾಯಿ, ಜೋಳದ ಕಪ್ಪುಮಣ್ಣಿನ ಸೀಮೆ. ಸಿರುಗುಪ್ಪದ ಕಡೆ ಹೋದರೆ ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಗದ್ದೆಗಳು. ಹತ್ತಿಯೂ ಮೆಣಸಿನಕಾಯಿಯೂ ಕೀಟನಾಶಕವನ್ನು ಹೆಚ್ಚು ಬೇಡುವ ಬೆಳೆಗಳು. ಈ ಭಾಗದ ರೈತರ ಮನೆಗಳಲ್ಲಿ ನಾನು ಕಂಡಂತೆ, ಅರ್ಧ ಬಳಸಿದ ಕೀಟನಾಶಕದ ಡಬ್ಬಿ ಹೊರಸಿನ ಕೆಳಗೆ ಇರುತ್ತದೆ, ಇಲ್ಲವೇ ದನದ ಕೊಟ್ಟಿಗೆಯ ಗೂಡಿನಲ್ಲಿ, ಜೋಳದ ಚೀಲಗಳ ಸಂದಿಯಲ್ಲಿ. ಹೊಲದಲ್ಲಿ ಬಿಟ್ಟು ಬಂದರೆ ಕಳವಾಗುವ ಭಯ. ಸಾವಿರಾರು ರೂಪಾಯಿಯ ಸಾಮಾನು. ಮನೆಗೆ ತರುವುದು ಸಹಜವೇ. ಆದರೆ ಎರಡು ಕೋಣೆಯ ಮನೆಯಲ್ಲಿ ಅದಕ್ಕೆಂದು ಪ್ರತ್ಯೇಕ ಜಾಗ ಎಲ್ಲಿಂದ ಬರಬೇಕು?

ಭಾಷೆಯೂ ಇಲ್ಲಿ ನಮಗೆ ಮೋಸ ಮಾಡುತ್ತದೆ. ಈ ಸೀಮೆಯಲ್ಲಿ ಕೀಟನಾಶಕ ಸಿಂಪಡಿಸುವುದಕ್ಕೆ ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ಇನ್ನು ಕೆಲವರು ‘ಔಷಧಿ ಹೊಡೆಯುವುದು’ ಎನ್ನುತ್ತಾರೆ. ವಿಷ ಎಂಬ ಶಬ್ದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಗ್ಗರಣೆಗೆ ಹಾಕುವುದೂ ಎಣ್ಣೆ, ಹೊಲಕ್ಕೆ ಹೊಡೆಯುವುದೂ ಎಣ್ಣೆ. ಕೆಮ್ಮಿಗೆ ಕುಡಿಸುವುದೂ ಔಷಧಿ, ಹುಳು ಕೊಲ್ಲುವುದೂ ಔಷಧಿ. ಈಗಷ್ಟೇ ಮಾತು ಕಲಿಯುತ್ತಿರುವ ಎರಡು ವರ್ಷದ ಮಗುವಿಗೆ ಇವುಗಳ ವ್ಯತ್ಯಾಸ ಹೇಗೆ ತಿಳಿಯಬೇಕು?

ಹೆಸರಿನ ಗೊಂದಲಕ್ಕಿಂತ ಪಾತ್ರೆಯ ಗೊಂದಲ ದೊಡ್ಡದು. ಕೀಟನಾಶಕವನ್ನು ನೀರಿನ ಬಾಟಲಿಗೆ, ಫಿನೈಲನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡುವ ಅಭ್ಯಾಸ ಹಳ್ಳಿ, ನಗರಗಳೆರಡರಲ್ಲೂ ಇದೆ. ಖಾಲಿಯಾದ ಡಬ್ಬಿಯನ್ನು ತೊಳೆದು ಮನೆಬಳಕೆಗೆ ಇಟ್ಟುಕೊಳ್ಳುವುದೂ ಉಂಟು. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಧರ್ಮಸತಿ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವಿದ್ದುದು ಪರೀಕ್ಷೆಯಲ್ಲಿ ದೃಢಪಟ್ಟಿತು. ವಿಷವೂ ಆಹಾರವೂ ಒಂದೇ ಸೂರಿನಡಿ ಸೇರಿದಾಗ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಕ್ರೂರವಾದ ಪಾಠ ಬೇಕಿಲ್ಲ.

ನಮ್ಮ ಹಿರಿಯರಿಗೆ ಈ ವಿಚಾರದಲ್ಲಿ ತಿಳಿವಳಿಕೆ ಇರಲಿಲ್ಲವೆಂದಲ್ಲ. ಹಾಲು, ಬೆಣ್ಣೆಯ ಗಡಿಗೆಗಳನ್ನು ಬೆಕ್ಕಿಗೂ ಮಕ್ಕಳಿಗೂ ಎಟುಕದಂತೆ ತೊಲೆಗೆ ಕಟ್ಟಿದ ನೆಲುವಿನ ಮೇಲೆ ಇಡುತ್ತಿದ್ದರು. ಆ ನೆಲುವಿಗೂ ಕೈಹಾಕಿದ ಬಾಲಕೃಷ್ಣನ ಕಥೆಯನ್ನು ಹಾಡಿ ನಲಿಯುವ ನಾವು ಅದರಲ್ಲಿರುವ ಎಚ್ಚರಿಕೆಯನ್ನು ಮರೆತಿದ್ದೇವೆ: ಮಗು ಎಲ್ಲಿಗಾದರೂ ಏರುತ್ತದೆ, ಏನನ್ನಾದರೂ ಬಾಯಿಗೆ ಹಾಕುತ್ತದೆ. ಅದು ತುಂಟತನವಲ್ಲ, ಆ ವಯಸ್ಸಿನಲ್ಲಿ ಲೋಕವನ್ನು ಅರಿಯುವ ದಾರಿ. ಅಂದು ನೆಲುವಿನಲ್ಲಿದ್ದುದು ಬೆಣ್ಣೆ, ತಪ್ಪಿದರೆ ಒಂದು ಗಡಿಗೆ ಒಡೆಯುತ್ತಿತ್ತು. ಇಂದು ಕೈಗೆಟುಕುವ ಸ್ಥಳದಲ್ಲಿರುವುದು ಅನ್ನನಾಳವನ್ನು ಸುಡುವ ಆಮ್ಲ.

ಒಂದು ತಲೆಮಾರಿನ ಹಿಂದೆ ಮಕ್ಕಳ ಪಾಲಿಗೆ ಮನೆಯ ದೊಡ್ಡ ವಿಷವೆಂದರೆ ಸೀಮೆಎಣ್ಣೆ. ನೀರೆಂದು ಕುಡಿದ ಮಗುವಿನ ಶ್ವಾಸಕೋಶಕ್ಕೆ ಅದು ಇಳಿದು ನ್ಯುಮೋನಿಯಾ ಆಗುತ್ತಿತ್ತು. ಅಡುಗೆ ಅನಿಲ ಮನೆಮನೆಗೆ ಬಂದಂತೆ ಆ ಅಪಾಯ ಕುಗ್ಗಿದೆ. ಆದರೆ ಅದರ ಜಾಗಕ್ಕೆ ಬೇರೆಯವು ಬಂದಿವೆ: ಬಣ್ಣಬಣ್ಣದ ಶುಚಿಕಾರಕಗಳು, ಸೊಳ್ಳೆ ಓಡಿಸುವ ದ್ರವ, ರಿಮೋಟು ಮತ್ತು ಆಟಿಕೆಗಳ ಗುಂಡಿಯಾಕಾರದ ಬ್ಯಾಟರಿ, ಅಜ್ಜ ಅಜ್ಜಿಯರ ಸಕ್ಕರೆ ಕಾಯಿಲೆಯ ಮತ್ತು ರಕ್ತದೊತ್ತಡದ ಮಾತ್ರೆಗಳು. ದೇವರ ಮನೆಯ ಕರ್ಪೂರವೂ ಈ ಪಟ್ಟಿಯಲ್ಲಿದೆ ಎಂದರೆ ಹಲವರು ನಂಬಲಿಕ್ಕಿಲ್ಲ. ಸ್ವಲ್ಪವೇ ಕರ್ಪೂರ ನುಂಗಿದರೂ ಎಳೆಯ ಮಕ್ಕಳಿಗೆ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಯೂ ಅಂಥದ್ದೇ.

ಈ ಮಾತು ಎತ್ತಿದಾಗಲೆಲ್ಲ ಸಿದ್ಧ ಉತ್ತರವೊಂದು ಬರುತ್ತದೆ: ‘ತಾಯಿಯಾದವಳು ನೋಡಿಕೊಳ್ಳಬೇಕು.’ ಈ ಉತ್ತರಕ್ಕೆ ನನ್ನ ತೀವ್ರ ವಿರೋಧವಿದೆ. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಬೆಳಗಾಗುವ ಮುನ್ನ ಹೊರಡುವ ಹೆಣ್ಣುಮಗಳು ಸಂಜೆ ಬಂದು ಒಲೆ ಹೊತ್ತಿಸುತ್ತಾಳೆ, ನೀರು ತರುತ್ತಾಳೆ, ದನಕ್ಕೆ ಮೇವು ಹಾಕುತ್ತಾಳೆ. ಕೂಸನ್ನು ನೋಡಿಕೊಳ್ಳಲು ಏಳು ವರ್ಷದ ಅಕ್ಕ. ದುರಂತ ನಡೆಯಲು ಬೇಕಾದದ್ದು ಅರ್ಧ ನಿಮಿಷ. ದಿನದ ಪ್ರತಿ ಕ್ಷಣವೂ ಕಣ್ಣಿಟ್ಟಿರುವ ಮನುಷ್ಯರು ಎಲ್ಲಿಯೂ ಇಲ್ಲ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇಲ್ಲ. ಮಗುವಿನ ಸುರಕ್ಷತೆಯನ್ನು ಒಬ್ಬಳ ಎಚ್ಚರಕ್ಕೆ ಒಪ್ಪಿಸಿ, ಅನಾಹುತವಾದ ಮೇಲೆ ಅವಳನ್ನೇ ಜೀವಮಾನವಿಡೀ ಅಪರಾಧಿ ಮಾಡುವುದು ನಾವು ಮುಂದುವರಿಸಿಕೊಂಡು ಬಂದ ಅನ್ಯಾಯ.

ಎಚ್ಚರಿಕೆಯ ಮಾತಿಗಿಂತ ಮುಚ್ಚಳ ಪರಿಣಾಮಕಾರಿ ಎಂಬುದಕ್ಕೆ ಆಧಾರಗಳಿವೆ. ಅಮೆರಿಕವು 1970ರಲ್ಲಿ ಕಾನೂನು ಮಾಡಿ, ಅಪಾಯಕಾರಿ ಔಷಧ ಮತ್ತು ಮನೆಬಳಕೆಯ ರಾಸಾಯನಿಕಗಳಿಗೆ ಮಕ್ಕಳು ತೆರೆಯಲಾರದಂಥ ಮುಚ್ಚಳಗಳನ್ನು ಕಡ್ಡಾಯ ಮಾಡಲು ದಾರಿ ಮಾಡಿತು. ಮಕ್ಕಳ ಸಾವು ಗಣನೀಯವಾಗಿ ಇಳಿಯಿತು. ದಕ್ಷಿಣ ಆಫ್ರಿಕದಲ್ಲಿ ಸುಮಾರು 20,000 ಮನೆಗಳಿಗೆ ಸೀಮೆಎಣ್ಣೆ ಇಡಲು ಅಂಥ ಮುಚ್ಚಳದ ಡಬ್ಬಿಗಳನ್ನು ಹಂಚಿದಾಗ, ಮಕ್ಕಳು ಅದನ್ನು ಕುಡಿದ ಪ್ರಕರಣಗಳು ಶೇ 47ರಷ್ಟು ಕಡಿಮೆಯಾದುದನ್ನು 1994ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಉಪದೇಶವೊಂದರಿಂದಲೇ ಇಂಥ ಫಲ ಬರುವುದು ಕಷ್ಟ.

ಹಾಗೆಂದು ಬೀಗವೇ ಸರ್ವರೋಗ ಪರಿಹಾರವಲ್ಲ. ಶ್ರೀಲಂಕಾದ ಅನುರಾಧಪುರ ಜಿಲ್ಲೆಯ 180 ಹಳ್ಳಿಗಳಲ್ಲಿ ನಡೆಸಿದ ದೊಡ್ಡ ಪ್ರಯೋಗವೊಂದರಲ್ಲಿ ಅರ್ಧದಷ್ಟು ಹಳ್ಳಿಗಳ ರೈತರಿಗೆ ಬೀಗವಿರುವ ಕೀಟನಾಶಕ ಪೆಟ್ಟಿಗೆಗಳನ್ನು ಕೊಡಲಾಯಿತು. ದೊಡ್ಡವರು ತಾವಾಗಿ ವಿಷ ಸೇವಿಸುವುದು ಅದರಿಂದ ಕಡಿಮೆಯಾಗಲಿಲ್ಲವೆಂದು 2017ರ ‘ಲ್ಯಾನ್ಸೆಟ್’ ವರದಿ ಹೇಳಿತು. ಕೀಲಿ ಎಲ್ಲಿದೆಯೆಂದು ಬಲ್ಲವರನ್ನು ಬೀಗ ತಡೆಯಲಾರದು. ಆ ದೇಶದಲ್ಲಿ ಆತ್ಮಹತ್ಯೆಯ ಪ್ರಮಾಣವನ್ನು ಎರಡು ದಶಕಗಳಲ್ಲಿ ಶೇ 70ರಷ್ಟು ಇಳಿಸುವಲ್ಲಿ ಮುಖ್ಯ ಪಾತ್ರ ವಹಿಸಿದ್ದು ಅತಿ ವಿಷಕಾರಿ ಕೀಟನಾಶಕಗಳ ನಿಷೇಧ. ಭತ್ತದ ಗದ್ದೆಗಳಿಗೆ ಚಿರಪರಿಚಿತವಾಗಿದ್ದ ಫೊರೇಟ್ ಅನ್ನು ನಮ್ಮ ಕೇಂದ್ರ ಸರ್ಕಾರವೂ 2020ರ ಕೊನೆಯಿಂದ ನಿಷೇಧಿಸಿದೆ. ಆದ್ದರಿಂದ ಬೀಗ ಮತ್ತು ನಿಷೇಧ ಎರಡೂ ಬೇಕು. ನಿಷೇಧ ಮನೆಮಂದಿಯನ್ನೆಲ್ಲ ಕಾಯುತ್ತದೆ. ಬೀಗ ವಿಶೇಷವಾಗಿ ಕೀಲಿಯ ಅರ್ಥ ತಿಳಿಯದ ಕೂಸನ್ನು ಕಾಯುತ್ತದೆ.

ನಮ್ಮಲ್ಲಿ ಏನು ಮಾಡಬಹುದು? 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಗುರುತಿರಬೇಕು. ಕೆಂಪು ಗುರುತಿನ ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವೂ ಮಕ್ಕಳಿಂದ ದೂರವಿಡಬೇಕೆಂಬ ಸೂಚನೆಯೂ ಕಡ್ಡಾಯ. ದೂರವಿಡಿ ಎಂದು ಬರೆದರೆ ಆಯಿತೇ? ಎಲ್ಲಿ ಇಡಬೇಕು ಎಂಬ ಪ್ರಶ್ನೆಗೆ ತಯಾರಕರೂ ಸರ್ಕಾರವೂ ಉತ್ತರಿಸಬೇಕು. ಮಕ್ಕಳು ತೆರೆಯಲಾರದ ಮುಚ್ಚಳ ಕೀಟನಾಶಕಕ್ಕೂ ಶೌಚಾಲಯದ ಆಮ್ಲಕ್ಕೂ ಔಷಧಿಗೂ ಕಡ್ಡಾಯವಾಗಲಿ. ಸಿಂಪಡಣಾ ಯಂತ್ರಕ್ಕೆ ಸಹಾಯಧನ ಕೊಡುವ ಕೃಷಿ ಇಲಾಖೆ, ರೈತ ಸಂಪರ್ಕ ಕೇಂದ್ರಗಳ ಮೂಲಕ ಗೋಡೆಗೆ ಬಿಗಿಯುವ ಬೀಗದ ಪೆಟ್ಟಿಗೆಯನ್ನೂ ರಿಯಾಯಿತಿಯಲ್ಲಿ ಕೊಡಬಹುದು. ಅದನ್ನು ಊರಿನ ಬೆಸುಗೆ ಅಂಗಡಿಯವನೇ ಮಾಡಿಕೊಡಬಲ್ಲ. ಅಯಸ್ಕಾಂತವೂ ಬೇಡ, ಆಮದೂ ಬೇಡ.

ಇನ್ನೊಂದು ದಾರಿ ಈಗಾಗಲೇ ಸಿದ್ಧವಿದೆ. 2018ರಲ್ಲಿ ಆರಂಭವಾದ ಕಾರ್ಯಕ್ರಮದ ಪ್ರಕಾರ ಆಶಾ ಕಾರ್ಯಕರ್ತೆಯರು ಮಗುವಿಗೆ 3, 6, 9, 12 ಮತ್ತು 15 ತಿಂಗಳು ತುಂಬಿದಾಗ ಮನೆಗೆ ಭೇಟಿ ಕೊಡುತ್ತಾರೆ. ಒಂಬತ್ತನೆಯ ತಿಂಗಳು ಎಂದರೆ ಕೂಸು ಅಂಬೆಗಾಲಿಡುವ ಕಾಲ. ಆ ಭೇಟಿಯಲ್ಲಿ ತೂಕ, ಆಹಾರಗಳ ಜೊತೆಗೆ ಹೊರಸಿನ ಕೆಳಗೂ ಅಡುಗೆಕಟ್ಟೆಯ ಕೆಳಗೂ ಒಮ್ಮೆ ಬಗ್ಗಿ ನೋಡುವ ಕೆಲಸ ಸೇರಲಿ. ಸೇರಿದ ಕೆಲಸಕ್ಕೆ ತಕ್ಕ ಗೌರವಧನವೂ ಸೇರಲಿ. ಕರ್ನಾಟಕ ಸರ್ಕಾರ 2023ರಲ್ಲಿ ಪ್ರಕಟಿಸಿದ ‘ಕೂಸಿನ ಮನೆ’ ಯೋಜನೆ ಆರು ತಿಂಗಳಿಂದ ಮೂರು ವರ್ಷದ ಮಕ್ಕಳ ಪಾಲನೆಗೆಂದೇ ರೂಪುಗೊಂಡದ್ದು. ಅಪಾಯದ ವಯಸ್ಸೂ ಅದೇ. ಬಿತ್ತನೆ, ಕಟಾವಿನ ಕಾಲದಲ್ಲಿ ಅವು ಹೊತ್ತಿಗೆ ಸರಿಯಾಗಿ ತೆರೆದಿದ್ದರೆ ಏಳು ವರ್ಷದ ಅಕ್ಕನೂ ಶಾಲೆಗೆ ಹೋದಾಳು.

ಎಲ್ಲವನ್ನೂ ಮಾಡಿಯೂ ಅವಘಡ ಸಂಭವಿಸಿದರೆ? ಉಪ್ಪುನೀರು, ಹುಣಸೆಹಣ್ಣಿನ ನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿಯನ್ನು ಬಿಡಬೇಕು. ಆಮ್ಲ ಮೇಲೆ ಬರುವಾಗ ಗಂಟಲನ್ನು ಎರಡನೆಯ ಬಾರಿ ಸುಡುತ್ತದೆ, ಸೀಮೆಎಣ್ಣೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ತಡಮಾಡದೆ 108ಕ್ಕೆ ಕರೆ ಮಾಡಿ, ಮಗು ಕುಡಿದ ಬಾಟಲಿ ಅಥವಾ ಡಬ್ಬಿಯನ್ನು ಲೇಬಲ್ಲಿನ ಸಮೇತ ಆಸ್ಪತ್ರೆಗೆ ಒಯ್ಯಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ವೈದ್ಯರಿಗೂ ಸಾರ್ವಜನಿಕರಿಗೂ ಹಗಲಿರುಳು ಸಲಹೆ ನೀಡುತ್ತದೆ. ಕೊಳಗಲ್ಲಿನವರಿಗೆ ಬಳ್ಳಾರಿಯ ದೊಡ್ಡಾಸ್ಪತ್ರೆ ಹತ್ತಿರ. ಸಿರುಗುಪ್ಪದ ಗಡಿಯ ಹಳ್ಳಿಗೆ ಅದೇ ದಾರಿ ಬಹಳ ಉದ್ದ. ಆದ್ದರಿಂದ ಸಮೀಪದ ತಾಲ್ಲೂಕು ಮತ್ತು ಪ್ರಾಥಮಿಕ ಕೇಂದ್ರಗಳಲ್ಲಿ ಪ್ರತಿವಿಷದ ದಾಸ್ತಾನೂ ಅದನ್ನು ಕೊಡಬಲ್ಲ ತರಬೇತಿಯೂ ಇರಬೇಕು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2008ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, 2004ರ ಒಂದೇ ವರ್ಷದಲ್ಲಿ ಜಗತ್ತಿನ ಸುಮಾರು 45,000 ಮಕ್ಕಳು ಮತ್ತು ಹದಿಹರೆಯದವರು ಆಕಸ್ಮಿಕ ವಿಷಪ್ರಾಶನದಿಂದ ಸತ್ತಿದ್ದರು. ಈ ಸಾವುಗಳಿಗೆ ‘ಹಣೆಬರಹ’ ಎಂಬ ಹೆಸರು ಕೊಟ್ಟು ನಾವು ಸುಮ್ಮನಾಗಿದ್ದೇವೆ. ನಗರದ ಓದುಗರು ತಮ್ಮ ಮನೆಗೆ ಚಿಲಕ ತರಿಸಿಕೊಳ್ಳಲಿ, ಒಳ್ಳೆಯದೇ. ಜೊತೆಗೆ ಮನೆಗೆಲಸಕ್ಕೆ ಬರುವಾಕೆಯ ಮನೆಯಲ್ಲಿ, ಊರಲ್ಲಿರುವ ತಮ್ಮನ ಮನೆಯಲ್ಲಿ, ಹೊಲದ ‘ಎಣ್ಣೆ’ ಎಲ್ಲಿದೆಯೆಂದು ಒಮ್ಮೆ ಕೇಳಲಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಗಳ ಪಟ್ಟಿಯ ಕೊನೆಗಾದರೂ ಬೀಗದ ಪೆಟ್ಟಿಗೆಯ ಬೇಡಿಕೆಯೊಂದು ಸೇರಲಿ.