ಯೋಗ ಬೇಕು, ಹೀಟರ್ ಬೇಡ

ಕಳೆದ ಏಪ್ರಿಲ್. ಎರಡು ವಿಷಯ ಬ್ಯಾಕ್‌ಲಾಗ್, ರಾತ್ರಿ ನಿದ್ದೆಯಿಲ್ಲ. ರೀಲ್ಸ್‌ನಲ್ಲಿ ಕಂಡ 'ಹಾಟ್ ಯೋಗ' ಮಾಡಿದರೆ ಮೈಮನ ಎರಡೂ ಹಗುರಾಗುತ್ತದೆಂದು ನಂಬಿ, ಶಿಡ್ಲಘಟ್ಟದ ನಮ್ಮ ಶೀಟಿನ ಮನೆಯಲ್ಲಿ ಮಧ್ಯಾಹ್ನ ಕಿಟಕಿ ಮುಚ್ಚಿ ಆಸನ ಶುರುಮಾಡಿದೆ. ಅರ್ಧ ಗಂಟೆಯಲ್ಲಿ ತಲೆ ಸುತ್ತಿ ಗೋಡೆ ಹಿಡಿದು ಕುಳಿತೆ. ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕುದಿನೀರಿನ ಮುಂದೆ ದಿನವಿಡೀ ದುಡಿಯುವ ಅಮ್ಮ ನೀರು ಕೊಡುತ್ತಾ, 'ಬೆವರು ಬಂದರೇ ಯೋಗ ಅನ್ನೋದಾದರೆ ನಾನು ಯಾವತ್ತೋ ಯೋಗಿ ಆಗಬೇಕಿತ್ತು' ಎಂದರು.

ಆ ಮಾತು ನನ್ನನ್ನು ಓದಲು ಹಚ್ಚಿತು. ಕೋಲ್ಕತ್ತ ಮೂಲದ ಬಿಕ್ರಂ ಚೌಧರಿ ಅಮೆರಿಕದಲ್ಲಿ ಜನಪ್ರಿಯಗೊಳಿಸಿದ ಪದ್ಧತಿಯಿದು. ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಕೋಣೆಯಲ್ಲಿ 90 ನಿಮಿಷ, 26 ಭಂಗಿಗಳು. ಬಿಸಿಗೆ ಸ್ನಾಯು ಬೇಗ ಸಡಿಲಗೊಳ್ಳುತ್ತದೆ, ನಿಜ. 2023ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು, 8 ವಾರ ಹಾಟ್ ಯೋಗ ಮಾಡಿದವರಲ್ಲಿ ಖಿನ್ನತೆಯ ಲಕ್ಷಣಗಳು ಇಳಿದವು ಎಂದು ವರದಿ ಮಾಡಿದರು. ಆದರೆ ಹೋಲಿಕೆಗೆ ಇಟ್ಟುಕೊಂಡದ್ದು ಸರದಿಗಾಗಿ ಕಾಯುತ್ತಿದ್ದವರನ್ನು. ಹಾಗಾದರೆ ಗುಣ ಬಿಸಿಯದ್ದೋ, ಯೋಗದ್ದೋ?

2018ರಲ್ಲಿ ಪ್ರಕಟವಾದ ಟೆಕ್ಸಾಸ್‌ನ ಅಧ್ಯಯನ ರಕ್ತನಾಳಗಳ ಮಟ್ಟಿಗೆ ಉತ್ತರ ಕೊಟ್ಟಿದೆ. ಅದೇ 26 ಭಂಗಿಗಳನ್ನು 12 ವಾರ ಒಂದು ಗುಂಪು 40.5 ಡಿಗ್ರಿಯಲ್ಲಿ, ಇನ್ನೊಂದು 23 ಡಿಗ್ರಿಯಲ್ಲಿ ಮಾಡಿತು. ಎರಡೂ ಗುಂಪಿಗೆ ಪ್ರಯೋಜನವಾಯಿತು. ಬಿಸಿಯಿಂದ ಹೆಚ್ಚುವರಿ ಲಾಭ ಕಾಣಲಿಲ್ಲ.

ಇಷ್ಟಕ್ಕೂ ನಮಗೆ ದೂರದ ಉದಾಹರಣೆ ಯಾಕೆ? ಪಕ್ಕದ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯದಿಂದ ನರಳಿದವರು. ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, ಜಗತ್ತಿಗೇ ಗುರುವಾದರು. ಅವರನ್ನು ಎತ್ತಿ ನಿಲ್ಲಿಸಿದ್ದು ದಿನನಿತ್ಯದ ಅಭ್ಯಾಸ.

ನಾನೀಗ ಬೆಳಿಗ್ಗೆ ಆರಕ್ಕೆ, ಕಿಟಕಿ ತೆರೆದು, ಅರ್ಧ ಗಂಟೆ ಆಸನ, ಹತ್ತು ನಿಮಿಷ ಪ್ರಾಣಾಯಾಮ ಮಾಡುತ್ತೇನೆ. ನಿದ್ದೆ ಮರಳಿದೆ, ಒಂದು ಬ್ಯಾಕ್‌ಲಾಗ್ ಮುಗಿದಿದೆ, ಇನ್ನೊಂದು ಬಾಕಿಯಿದೆ. ಹಾಟ್ ಯೋಗವನ್ನೇ ಮಾಡಬೇಕೆನ್ನುವವರು ಶಿಕ್ಷಕರ ಎದುರು ಮಾಡಲಿ, ನೀರು ಕುಡಿಯಲಿ. ಹೃದಯ, ರಕ್ತದೊತ್ತಡದ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕೇಳಲಿ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಾಲೇಜುಗಳಿಗೆ ಒಂದು ಮನವಿ: ಜೂನ್ 21ರಂದು ಯೋಗಕ್ಕೆ ತೆರೆಯುವ ಸಭಾಂಗಣವನ್ನು ಉಳಿದ ದಿನಗಳ ಮುಂಜಾನೆಯೂ ತೆರೆದಿಡಿ. ಪರೀಕ್ಷೆ, ಪ್ಲೇಸ್‌ಮೆಂಟ್‌ಗಳ ಬಿಸಿಯೇ ನಮಗೆ ಸಾಕಷ್ಟಿದೆ.