ಕೂಡಿದ್ದನ್ನು ಬಿಡಿಸುವ ಕಷ್ಟ

ಲೋಕವ್ಯವಹಾರದಲ್ಲಿ ಒಡೆಯುವುದು ಸುಲಭ, ಕೂಡಿಸುವುದು ಕಷ್ಟ. ಮುತ್ತಾದರೂ ಅಷ್ಟೆ, ಮನಸ್ಸಾದರೂ ಅಷ್ಟೆ. ಸಂಖ್ಯೆಗಳ ಲೋಕದ ರೀತಿ ಇದಕ್ಕೆ ತೀರ ವಿಪರೀತವಾದುದು. ಅಲ್ಲಿ ಎರಡನ್ನು ಗುಣಿಸಿ ಒಂದಾಗಿಸಲು ಶಾಲೆಯ ಬಾಲಕನೂ ಸಮರ್ಥ; ಒಂದಾದುದನ್ನು ಮತ್ತೆ ಬಿಡಿಸಬೇಕಾದರೆ ಮಹಾಪಂಡಿತರೂ ಬೆವರಬೇಕು. ಇದಕ್ಕೆ 14,75,73,95,25,89,67,64,12,927 ಎಂಬ ಇಪ್ಪತ್ತೊಂದು ಅಂಕಿಗಳ ಸಂಖ್ಯೆಯ ಚರಿತ್ರೆಯೇ ಸಾಕ್ಷಿ.

ಅರುವತ್ತೇಳು ಎರಡುಗಳನ್ನು ಒಂದರಿಂದೊಂದು ಗುಣಿಸಿ, ಬಂದ ಲಬ್ಧದಲ್ಲಿ ಒಂದನ್ನು ಕಳೆದರೆ ದೊರೆಯುವುದೇ ಈ ಸಂಖ್ಯೆ. 1644ರಲ್ಲಿ ಮೆರ್ಸೆನ್ ಎಂಬ ಫ್ರೆಂಚ್ ಸಂನ್ಯಾಸಿಯು ಇಂಥ ಕೆಲವು ಸಂಖ್ಯೆಗಳ ಪಟ್ಟಿಯನ್ನು ಕೊಟ್ಟು, ಇವೆಲ್ಲ ಅವಿಭಾಜ್ಯಗಳು, ಎಂದರೆ ಒಂದು ಮತ್ತು ತಾನು ಎಂಬೆರಡನ್ನುಳಿದು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದವು ಎಂದು ಸಾರಿದನು. ನಮ್ಮ ಸಂಖ್ಯೆಯೂ ಅದರಲ್ಲಿತ್ತು. ಇನ್ನೂರಕ್ಕೂ ಮಿಕ್ಕಿ ವರ್ಷಗಳು ಕಳೆದ ಮೇಲೆ, 1876ರಲ್ಲಿ, ಅದೇ ದೇಶದ ಲ್ಯೂಕಾ ಎಂಬ ಗಣಿತಜ್ಞನು ಆ ಮಾತು ಸುಳ್ಳೆಂದು ಸಾಧಿಸಿದನು. ಸೋಜಿಗವೆಂದರೆ, ಸಂಖ್ಯೆ ಭಾಗವಾಗುವುದೆಂದು ಅವನ ಸಾಧನೆ ತೋರಿಸಿತೇ ಹೊರತು, ಯಾವುದರಿಂದ ಎಂಬುದನ್ನು ತೋರಿಸಲಿಲ್ಲ. ನಿಧಿಯುಂಟೆಂಬುದು ಖಚಿತವಾಯಿತು, ಅಗೆಯಬೇಕಾದ ಮೂಲೆ ತಿಳಿಯಲಿಲ್ಲ.

ಅಗೆಯುವವರಿಗೆ ಒಂದು ಸುಳಿವೇನೋ ಇದ್ದಿತು. ಈ ಸಂಖ್ಯೆಯನ್ನು ಭಾಗಿಸಬಲ್ಲ ಯಾವ ಸಂಖ್ಯೆಯೇ ಆಗಲಿ, ಅದನ್ನು 134ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಆದ್ದರಿಂದ 135, 269, 403 ಎಂದು ಹೆಜ್ಜೆಹೆಜ್ಜೆಯಾಗಿ ಹುಡುಕಿದರೆ ಸಾಕು. ಸಾಕೆಂಬುದು ನಿಜ, ಆದರೆ ಆ ಸಾಲಿನಲ್ಲಿ ನಮಗೆ ಬೇಕಾದುದು ನಿಂತಿರುವುದು 14,45,580ನೆಯ ಸ್ಥಾನದಲ್ಲಿ!

1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ ಸೇರಿತ್ತು. ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ಅವರ ಸರದಿ ಬಂದಿತು. ಅವರು ಮಾತಿಲ್ಲದೆ ಕರಿಹಲಗೆಯ ಒಂದು ಕಡೆ ನಮ್ಮ ಸಂಖ್ಯೆಯನ್ನು ಲೆಕ್ಕಮಾಡಿ ಬರೆದು, ಇನ್ನೊಂದು ಕಡೆ 19,37,07,721ನ್ನು 7,61,83,82,57,287ರಿಂದ ಗುಣಿಸಿದರೆಂದೂ, ಎರಡೂ ಒಂದೇ ಆಗಲು ಮೌನವಾಗಿಯೇ ಹೋಗಿ ಕುಳಿತರೆಂದೂ, ಸಭೆಯೆಲ್ಲ ಕರತಾಡನ ಮಾಡಿತೆಂದೂ ಗಣಿತಜ್ಞರಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಕೇಳಿದುದಕ್ಕೆ ಅವರಿತ್ತ ಉತ್ತರ, ಮೂರು ವರ್ಷಗಳ ಭಾನುವಾರಗಳು ಎಂಬುದಂತೆ.

ಇದರಿಂದ ಬಂದ ಭಾಗ್ಯವೇನೆಂದು ಗೃಹಸ್ಥರು ಕೇಳಿಯಾರು. ಗುಣಿಸುವುದು ಸುಲಭ, ಬಿಡಿಸುವುದು ಕಷ್ಟ ಎಂಬ ಇದೇ ತತ್ತ್ವದಿಂದ 1977ರಲ್ಲಿ ರಿವೆಸ್ಟ್, ಶಮೀರ್, ಏಡ್ಲ್‌ಮನ್ ಎಂಬ ಮೂವರು ಗುಪ್ತಲೇಖನಕ್ಕೊಂದು ಬೀಗವನ್ನು ರಚಿಸಿದರು. ಗಣಕಯಂತ್ರಗಳು ಒಂದಕ್ಕೊಂದು ಕಳುಹಿಸುವ ಎಷ್ಟೋ ಸಂದೇಶಗಳ ಗುಟ್ಟನ್ನು ಇಂದು ಆ ಬೀಗ ಕಾಯುತ್ತಿದೆ. ಕೋಲ್ ಅವರ ಸಂಖ್ಯೆಯನ್ನು ಇಂದಿನ ಯಂತ್ರ ಕಣ್ಣುಮುಚ್ಚಿ ತೆರೆಯುವುದರೊಳಗೆ ಒಡೆದೀತು. ಆದುದರಿಂದ ಬೀಗಕ್ಕೆ ಆರುನೂರಕ್ಕೂ ಮಿಕ್ಕಿದ ಅಂಕಿಗಳ ಸಂಖ್ಯೆಗಳನ್ನು ಬಳಸುತ್ತಾರೆ.

ಬಿಡುವಿರುವ ವಾಚಕರು ಮಕ್ಕಳನ್ನು ಕೂರಿಸಿಕೊಂಡು, ಕಾಗದ ಪೆನ್ಸಿಲು ಹಿಡಿದು, ಕರಿಹಲಗೆಯ ಆ ಗುಣಾಕಾರವನ್ನು ತಾವೇ ಮಾಡಿ ನೋಡಬಹುದು. ಹಿರಿಯರ ಮಾತೆಂದು ಮೆರ್ಸೆನ್ನನನ್ನು ನಂಬಬೇಕಾಗಿಲ್ಲ, ಕೋಲರನ್ನೂ ನಂಬಬೇಕಾಗಿಲ್ಲ. ಮೂರು ವರ್ಷಗಳ ತಪಸ್ಸಿನ ಫಲವನ್ನು ಒಂದು ಸಂಜೆಯಲ್ಲಿ ಯಾರು ಬೇಕಾದರೂ ಪರೀಕ್ಷಿಸಿಕೊಳ್ಳಬಹುದು. ಗಣಿತದ ಔದಾರ್ಯವೆಂದರೆ ಇದೇ.